ಕಾರ್ಡು ಹೋಯ್ತು, ಕಾಗದ ಬಂತು



ಫೆಬ್ರವರಿ ಬಂತು ಅಂದ್ರೆ ನಮ್ಮ ಪತ್ರಿಕೆ ಸಮಿತಿಯವರಿಗೆ ನನ್ನ ನೆನಪಾಗುತ್ತೆ. "ಟ್ಯಾಕ್ಸ್ ಬಗ್ಗೆ ಎರಡು ಪುಟ ಬರ್ಕೊಡಿ ಸರ್" ಅಂತ ಫೋನ್ ಬರುತ್ತೆ. ನಾನೂ ಪ್ರತಿ ವರ್ಷ ಅದನ್ನೇ ಬರೀತೀನಿ: ಟಿ4 ಈ ತಿಂಗಳ ಕೊನೆಯೊಳಗೆ ಬರಬೇಕು, ಏಪ್ರಿಲ್ 30ರೊಳಗೆ ರಿಟರ್ನ್ ಹಾಕಿ, ರಸೀದಿ ಎಸೀಬೇಡಿ. ಓದುವವರು ಓದ್ತಾರೆ, ಉಳಿದವರು ಏಪ್ರಿಲ್ 29ರ ರಾತ್ರಿ ನನಗೆ ಫೋನ್ ಮಾಡ್ತಾರೆ. ಈ ಸಲ ಅದು ಬೇಡ, ಬೇರೆ ಒಂದು ವಿಷಯ ಬರೀತೀನಿ ಅಂತ ಹೇಳಿದೆ. ಕಾರಣ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಸಿಕ್ಕ ಒಬ್ಬ ಹುಡುಗ.

ಹಾವೇರಿ ಕಡೆಯವನು. ಓದಲಿಕ್ಕೆ ಬಂದು ಎಂಟು ತಿಂಗಳಾಗಿದೆ, ಬ್ರಾಂಪ್ಟನ್ನಿನಲ್ಲಿ ಇನ್ನೂ ನಾಲ್ಕು ಜನರ ಜೊತೆ ಬೇಸ್‌ಮೆಂಟಿನಲ್ಲಿ ಇದ್ದಾನೆ, ಒಂದು ವೇರ್‌ಹೌಸಿನಲ್ಲಿ ಪಾರ್ಟ್ ಟೈಮ್ ಕೆಲಸ. ಎಳ್ಳು ಬೆಲ್ಲ ತಿನ್ನುತ್ತಾ ಮಾತಾಡುವಾಗ ಪಾಕೀಟು ತೆಗೆದು ಒಂದು ಪ್ಲಾಸ್ಟಿಕ್ ಕಾರ್ಡ್ ತೋರಿಸಿದ. ಅದರ ಮೇಲೆ ಅವನ ಹೆಸರು, ಒಂಬತ್ತು ಅಂಕಿಯ ಸಿನ್ ನಂಬರು. ನಾನು ಬೆಚ್ಚಿಬಿದ್ದೆ. ಕೆನಡಾದಲ್ಲಿ ಸಿನ್ ಕಾರ್ಡು ಅಚ್ಚು ಹಾಕೋದನ್ನು 2014ರ ಮಾರ್ಚ್ 31ಕ್ಕೇ ನಿಲ್ಲಿಸಿದ್ದಾರೆ. ಅಲ್ಲಿಂದ ಈಚೆಗೆ ಎಲ್ಲರಿಗೂ ಸಿಗೋದು ಒಂದು ಪತ್ರ ಮಾತ್ರ.

"ಎಲ್ಲಿಂದ ಬಂತಪ್ಪಾ ಇದು?" ಅಂದೆ.

"ಅವರು ಬರೇ ಕಾಗದ ಕೊಟ್ರಿ ಅಣ್ಣಾರ. ಪಾಕೀಟಿನಾಗ ಇಟ್ರ ಹರದು ಹೋಗತೈತಿ. ಅದಕ್ಕ ಊರಾಗ ಆಧಾರ್ ಮಾಡಿಸಿದಂಗ ಇದನ್ನೂ ಆನ್‌ಲೈನ್‌ನಾಗ ಮಾಡಿಸಿದೆ. ಊರಾಗ ಎಲ್ಲಾರೂ ಕಾರ್ಡ್ ಬಂತೇನ ಅಂತ ಕೇಳಾಕತ್ತಿದ್ರು."

ಅಂದ್ರೆ ತನ್ನ ಸಿನ್ ಪತ್ರದ ಫೋಟೋ ತೆಗೆದು, ಯಾರು ಏನು ಅಂತ ಗೊತ್ತಿಲ್ಲದ ಅಂಗಡಿಗೆ ಕಳಿಸಿ, ದುಡ್ಡು ಕೊಟ್ಟು ಅಚ್ಚು ಹಾಕಿಸಿಕೊಂಡಿದ್ದ. ಬೈಯೋಣ ಅಂತ ಬಾಯಿ ತೆಗೆದವನು ಸುಮ್ಮನಾದೆ. ಯಾಕಂದ್ರೆ ನನಗೆ ಕಾರ್ಡು ಬಂದ ದಿನ ನೆನಪಾಯ್ತು.

ನಾನು ದಾವಣಗೆರೆಯವನು. ಬಿ.ಕಾಂ. ಮುಗಿಸಿ ಅಲ್ಲೇ ಒಬ್ಬ ಆಡಿಟರ ಆಫೀಸಿನಲ್ಲಿ ಅಕ್ಕಿ ಮಿಲ್ಲುಗಳ ಲೆಕ್ಕ, ಬಟ್ಟೆ ಅಂಗಡಿಗಳ ಲೆಕ್ಕ ಬರೀತಿದ್ದೆ. 2009ರಲ್ಲಿ ಪಿ.ಆರ್. ಸಿಕ್ಕಿ ನಾನೂ ಹೆಂಡತಿಯೂ ಮಿಸಿಸಾಗಕ್ಕೆ ಬಂದಿಳಿದೆವು. ಮೊದಲ ವಾರ ಸರ್ವಿಸ್ ಕೆನಡಾ ಕಚೇರಿಗೆ ಹೋಗಿ ಅರ್ಜಿ ಕೊಟ್ಟದ್ದಾಯ್ತು, ಕೆಲವು ವಾರಕ್ಕೆ ಅಂಚೆಯಲ್ಲಿ ಕಾರ್ಡು ಬಂತು. ಅದರಲ್ಲಿ ಫೋಟೋ ಇಲ್ಲ, ವಿಳಾಸ ಇಲ್ಲ. ಹೆಸರು ಮತ್ತೆ ನಂಬರು, ಅಷ್ಟೇ. ಆದ್ರೂ ಹೆಂಡತಿ ಅದನ್ನ ದೇವರ ಫೋಟೋ ಮುಂದೆ ಇಟ್ಟು ಕುಂಕುಮ ಹಚ್ಚಿದಳು. ಅಮ್ಮ ಫೋನಿನಲ್ಲಿ "ಕಾರ್ಡ್ ಬಂತೇನೋ?" ಅಂದ್ರೆ "ಬಂತಮ್ಮ, ಇನ್ನು ನಾವೂ ಇಲ್ಲಿಯವರೇ" ಅಂತ ಜಂಬದಿಂದ ಹೇಳಿದೆ. ರಾತ್ರಿ ಪಾಳಿಯಲ್ಲಿ ಡಬ್ಬ ಎತ್ತುತ್ತಿದ್ದ ಕಾಲ ಅದು. ಪಾಕೀಟಿನಲ್ಲಿ ಇಪ್ಪತ್ತು ಡಾಲರ್ ಇಲ್ಲದಿದ್ರೂ ಆ ಕಾರ್ಡು ಇರ್ತಿತ್ತು. ಯಾರೂ ಕೇಳದಿದ್ರೂ ಆಗಾಗ ತೆಗೆದು ನೋಡ್ತಿದ್ದೆ.

ಅದನ್ನ ಮನೆಯಲ್ಲಿಡಿ, ಜೇಬಿನಲ್ಲಿ ತಿರುಗಿಸಬೇಡಿ ಅಂತ ಸರ್ಕಾರದವರು ಆಗಲೂ ಹೇಳ್ತಿದ್ರು. ನಾನು ಓದಿದ್ದೆ. ಕೇಳಲಿಲ್ಲ.

2011ರ ಚಳಿಗಾಲದಲ್ಲಿ ಬಸ್ಸಿನಲ್ಲಿ ಪಾಕೀಟು ಕಳೀತು. ಅದೇ ದಿನ ಬ್ಯಾಂಕ್ ಕಾರ್ಡು ಬ್ಲಾಕ್ ಮಾಡಿಸಿದೆ, ಹೆಲ್ತ್ ಕಾರ್ಡಿಗೆ, ಲೈಸೆನ್ಸಿಗೆ ಅರ್ಜಿ ಹಾಕಿದೆ. ಸಿನ್ ಕಾರ್ಡಿನ ಬಗ್ಗೆ ಏನೂ ಮಾಡಲಿಲ್ಲ. ನಂಬರು ಹೇಗೂ ಬಾಯಿಪಾಠ ಇದೆಯಲ್ಲ, ಕಾರ್ಡು ಇಲ್ಲದಿದ್ರೆ ಏನಾಯ್ತು ಅಂದುಕೊಂಡೆ. ಅದು ಬೇರೆಯವರ ಕೈಯಲ್ಲಿ ಇದ್ರೆ ಏನಾಗುತ್ತೆ ಅಂತ ಯೋಚಿಸಲಿಲ್ಲ.

2013ರಲ್ಲಿ ತೆರಿಗೆ ಇಲಾಖೆಯಿಂದ ಒಂದು ಕಾಗದ ಬಂತು. 2012ರಲ್ಲಿ ಸುಮಾರು ಒಂಬತ್ತು ಸಾವಿರ ಡಾಲರ್ ಆದಾಯವನ್ನು ನೀವು ತೋರಿಸಿಲ್ಲ, ಇಂಥ ಕಂಪನಿಯ ಟಿ4 ನಮ್ಮ ಹತ್ರ ಇದೆ, ಇಷ್ಟು ತೆರಿಗೆ, ಇಷ್ಟು ಬಡ್ಡಿ ಕಟ್ಟಿ ಅಂತ. ನಾನು ಆ ಹೊತ್ತಿಗೆ ಒಂದು ಚಿಕ್ಕ ಆಫೀಸಿನಲ್ಲಿ ಪೇರೋಲ್ ನೋಡಿಕೊಳ್ಳೋ ಕೆಲಸಕ್ಕೆ ಸೇರಿದ್ದೆ. ಬೇರೆಯವರ ಟಿ4 ಮಾಡಿಕೊಡೋನು ನಾನು, ನನಗೇ ಈ ಕಾಗದ! ಹೆಂಡತಿ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಎಲ್ಲಾದ್ರೂ ಇನ್ನೊಂದು ಕೆಲಸ ಮಾಡ್ತಿದ್ರಾ?" ಅಂತ ಕೇಳಿದಳು. ಹದಿನೈದು ನಿಮಿಷ ನಾವಿಬ್ಬರೂ ಜಗಳ ಆಡಿದ್ವಿ. ಅದನ್ನ ಇವತ್ತು ಹೇಳಿಕೊಂಡು ನಗ್ತೀವಿ, ಅವತ್ತು ನಗು ಬರಲಿಲ್ಲ.

ಆ ಕಂಪನಿ ನಮ್ಮೂರಿಂದ ಎರಡು ಗಂಟೆ ದಾರಿ. ಅಣಬೆ ಪ್ಯಾಕ್ ಮಾಡುವ ಜಾಗ. ಫೋನ್ ಮಾಡಿ ಪೇರೋಲ್ ವಿಭಾಗದ ಹೆಂಗಸಿಗೆ ನನ್ನ ಹೆಸರು ಹೇಳಿದೆ. ಆಕೆ ತಕ್ಷಣ ಖುಷಿಯಿಂದ, "ಓ, ನೀವಾ! ಯಾಕೆ ಹಾಗೆ ಹೇಳದೆ ಕೇಳದೆ ಬಿಟ್ಟು ಹೋದ್ರಿ? ಮತ್ತೆ ಕೆಲಸಕ್ಕೆ ಬರ್ತೀರಾ? ನಿಮ್ಮಂಥ ಕೆಲಸಗಾರರು ಸಿಗೋದು ಕಷ್ಟ" ಅಂದಳು.

ನನಗೆ ಏನು ಹೇಳಬೇಕೋ ತಿಳೀಲಿಲ್ಲ. ನಾನು ಕಳ್ಳನನ್ನ ಹಿಡೀಬೇಕು ಅಂತ ಫೋನ್ ಮಾಡಿದ್ದೆ. ಆ ಕಡೆಯಿಂದ ನನ್ನ ಹೆಸರಿಗೆ ಹೊಗಳಿಕೆ ಬರ್ತಾ ಇದೆ. ಯಾರೋ ಒಬ್ಬ ನನ್ನ ಹೆಸರಲ್ಲಿ, ನನ್ನ ನಂಬರಲ್ಲಿ, ಐದು ತಿಂಗಳು ರಾತ್ರಿ ಪಾಳಿ ಮಾಡಿದ್ದ. ಒಂದು ದಿನವೂ ರಜಾ ಹಾಕಿರಲಿಲ್ಲವಂತೆ. ಆಮೇಲೆ ಒಂದು ದಿನ ಬರಲಿಲ್ಲ.

ಎಲ್ಲಾ ಸರಿ ಮಾಡಿಸಲಿಕ್ಕೆ ಎಂಟು ತಿಂಗಳು ಹಿಡೀತು. ಪೊಲೀಸ್ ದೂರು ಕೊಟ್ಟೆ. ಅದೇ ದಿನಗಳಲ್ಲಿ ನಾನು ನನ್ನ ಆಫೀಸಿನಲ್ಲಿ ಕೂತಿದ್ದೆ ಅಂತ ನಮ್ಮ ಬಾಸ್ ಹತ್ರ ಪತ್ರ ಬರೆಸಿದೆ. ಪಾಸ್‌ಪೋರ್ಟ್ ಹಿಡಕೊಂಡು ಆ ಅಣಬೆ ಕಂಪನಿಗೇ ಹೋಗಿ ಮುಖ ತೋರಿಸಿ ಬಂದೆ. ಎಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎರಡೂ ಕಡೆ ನನ್ನ ಹೆಸರಿನ ಮೇಲೆ ಎಚ್ಚರಿಕೆ ಗುರುತು ಹಾಕಿಸಿದೆ. ಹೊಸ ನಂಬರು ಕೊಡ್ತೀರಾ ಅಂತ ಕೇಳಿದೆ. ಅದು ಅಷ್ಟು ಸುಲಭಕ್ಕೆ ಕೊಡಲ್ಲ, ಕೊಟ್ಟರೂ ಹಳೆಯದರ ಕಾಟ ತಪ್ಪಲ್ಲ, ಏಕೆಂದರೆ ಬ್ಯಾಂಕಿನಲ್ಲಿ, ಸಾಲದ ಕಡತದಲ್ಲಿ ಎಲ್ಲಾ ಕಡೆ ಹಳೆಯದೇ ಕೂತಿರುತ್ತೆ. ಬ್ಯಾಂಕ್ ಕಾರ್ಡು ಕಳೆದರೆ ಮುಂದಿನ ವಾರ ಹೊಸ ನಂಬರಿನ ಕಾರ್ಡು ಬರುತ್ತೆ. ಇದು ಹಾಗಲ್ಲ, ಹುಟ್ಟಿದ ದಿನಾಂಕದ ಹಾಗೆ ಜೊತೆಗೇ ಇರುತ್ತೆ.

ಕೊನೆಗೆ ಆ ಟಿ4 ರದ್ದಾಯ್ತು. ನನ್ನ ತಲೆಭಾರ ಇಳೀತು. ಆದ್ರೆ ಲೆಕ್ಕದವನ ಬುದ್ಧಿ, ಆ ಟಿ4ನ ಒಂದೊಂದು ಪೆಟ್ಟಿಗೆಯನ್ನೂ ನೋಡಿದ್ದೆ. ಅವನ ಸಂಬಳದಲ್ಲಿ ತೆರಿಗೆ ಹಿಡಿದಿದ್ರು, ಕೆನಡಾ ಪೆನ್ಶನ್ ಪ್ಲಾನಿಗೆ ಹಿಡಿದಿದ್ರು, ಉದ್ಯೋಗ ವಿಮೆಗೆ ಹಿಡಿದಿದ್ರು. ಅವನು ನಿಂತು ದುಡಿದ ರಾತ್ರಿಗಳ ಪೆನ್ಶನ್ ಹಣ ನನ್ನ ಖಾತೆಗೆ ಬಂದು ಕೂತಿತ್ತು. ನಾನು ದೂರು ಕೊಟ್ಟ ಮೇಲೆ ಅದನ್ನು ನನ್ನ ಖಾತೆಯಿಂದ ತೆಗೆದರು. ಅವನ ಖಾತೆಗೆ ಹೋಗಲಿಲ್ಲ, ಅವನು ಯಾರು ಅಂತಲೇ ಗೊತ್ತಿರಲಿಲ್ಲವಲ್ಲ. ಬಿ.ಕಾಂ.ನಲ್ಲಿ ನಮಗೆ ಸಸ್ಪೆನ್ಸ್ ಅಕೌಂಟ್ ಅಂತ ಕಲಿಸ್ತಿದ್ರು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿ ಹಾಕಿ, ಆಮೇಲೆ ತಪ್ಪು ಹುಡುಕಿ ಸರಿ ಮಾಡಬೇಕು. ಆ ಮನುಷ್ಯನ ಐದು ತಿಂಗಳು ಅಂಥ ಒಂದು ಖಾತೆಯಲ್ಲಿ ಕೂತಿದೆ, ಅದನ್ನ ಹುಡುಕಿ ಸರಿ ಮಾಡುವವರು ಯಾರೂ ಇಲ್ಲ ಅಂತ ನನಗೆ ಅನ್ನಿಸ್ತು. ಅವನ ಮೇಲಿದ್ದ ಸಿಟ್ಟು ಅವತ್ತು ಅರ್ಧಕ್ಕೆ ಇಳೀತು. ಪೂರ್ತಿ ಇಳೀತು ಅಂತ ಸುಳ್ಳು ಹೇಳಲ್ಲ.

ಮರುವರ್ಷವೇ ಕಾರ್ಡು ನಿಂತಿತು. ನಮ್ಮ ಆಫೀಸಿನಲ್ಲಿ ಕೆಲವರು ಗೊಣಗಿದ್ರು, "ಸರ್ಕಾರ ಎರಡು ಕಾಸು ಉಳಿಸಲಿಕ್ಕೆ ಹೊರಟಿದೆ, ಪ್ಲಾಸ್ಟಿಕ್ಕಿಗೂ ಗತಿ ಇಲ್ವಾ" ಅಂತ. ಉಳಿತಾಯ ಒಂದು ಕಾರಣವೇ. ಆದ್ರೆ ನನಗೆ ಆಗಲೇ ಪಾಠ ಆಗಿತ್ತು. ಫೋಟೋ ಇಲ್ಲದ, ಗುರುತಿನ ಯಾವ ಭದ್ರತೆಯೂ ಇಲ್ಲದ ಕಾರ್ಡು ಅದು. ಯಾರ ಕೈಯಲ್ಲಿದ್ರೆ ಅವರದೇ. ಅದು ಪಾಕೀಟಿನ ಅಳತೆಗೆ ಇತ್ತು, ಅದಕ್ಕೇ ಜನ ಪಾಕೀಟಿನಲ್ಲಿ ಇಟ್ಟುಕೊಳ್ತಿದ್ರು. ಪತ್ರ ಪಾಕೀಟಿನಲ್ಲಿ ಹಿಡಿಸಲ್ಲ, ಫೈಲಿನಲ್ಲಿ ಹಿಡಿಸುತ್ತೆ. ಅಷ್ಟೇ ಅದರ ಲಾಭ, ಆದ್ರೆ ಅದು ಚಿಕ್ಕ ಲಾಭ ಅಲ್ಲ. ಇಂಗ್ಲೆಂಡಿನವರೂ ತಮ್ಮ ನ್ಯಾಷನಲ್ ಇನ್ಶೂರೆನ್ಸ್ ನಂಬರಿನ ಪ್ಲಾಸ್ಟಿಕ್ ಕಾರ್ಡನ್ನು 2011ರಲ್ಲಿ ನಿಲ್ಲಿಸಿ ಪತ್ರಕ್ಕೆ ಬಂದಿದ್ದಾರೆ.

ಅಸಲಿಗೆ ಈ ನಂಬರು ಗುರುತಿನ ಚೀಟಿಯೇ ಅಲ್ಲ. 1964ರಲ್ಲಿ ಇದನ್ನ ತಂದದ್ದು ಪೆನ್ಶನ್ ಮತ್ತು ನಿರುದ್ಯೋಗ ವಿಮೆಯ ಖಾತೆಗೆ ಒಂದು ನಂಬರು ಬೇಕು ಅಂತ. 1967ರಿಂದ ತೆರಿಗೆ ಇಲಾಖೆಯೂ ಬಳಸಿಕೊಂಡಿತು. ಅಂದ್ರೆ ಲೆಡ್ಜರಿನ ಪುಟದ ನಂಬರು ಇದ್ದ ಹಾಗೆ. ನೀವು ದುಡಿದದ್ದು ಯಾವ ಪುಟಕ್ಕೆ ಬರೀಬೇಕು ಅಂತ ಅದು ಹೇಳುತ್ತೆ. ನೀವು ಯಾರು ಅಂತ ಹೇಳಲ್ಲ. ಒಂಬತ್ತನೇ ಅಂಕಿ ಮೊದಲ ಎಂಟು ಅಂಕಿಗಳ ಮೇಲೆ ಒಂದು ಲೆಕ್ಕ ಹಾಕಿ ಬರುವ ಅಂಕಿ, ಕ್ರೆಡಿಟ್ ಕಾರ್ಡಿನಲ್ಲಿ ಇರೋ ಥರಾನೇ. ಬರೆಯುವಾಗ ಒಂದು ಅಂಕಿ ತಪ್ಪಿದ್ರೆ ಕಂಪ್ಯೂಟರು ಹಿಡಿಯುತ್ತೆ. ಆದ್ರೆ ಸರಿಯಾದ ನಂಬರನ್ನು ತಪ್ಪು ಮನುಷ್ಯ ಕೊಟ್ಟರೆ ಅದು ಹಿಡಿಯಲ್ಲ.

ನಮ್ಮ ಕಡೆ ಇದು ಉಲ್ಟಾ ಆಯ್ತು ನೋಡಿ. ಆಧಾರ್ ಶುರುವಾದಾಗ ಅಂಚೆಯಲ್ಲಿ ಬಂದದ್ದು ಕಾಗದದ ಪತ್ರವೇ. ಅದರ ಕೆಳಗಿನ ಭಾಗ ಕತ್ತರಿಸಿಕೊಂಡು ಇಟ್ಟುಕೊಳ್ಳುವ ಹಾಗಿತ್ತು. ನಮ್ಮ ಜನಕ್ಕೆ ಕಾಗದ ಅಂದ್ರೆ ನಂಬಿಕೆ ಇಲ್ಲ. ಮಳೆ, ಇರುವೆ, ಮಕ್ಕಳು, ಎಲ್ಲದರ ಭಯ. ಲ್ಯಾಮಿನೇಶನ್ ಮಾಡಿಸಿದ್ರು, ಜೆರಾಕ್ಸ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ರು. ಹಾಗೆ ಅಂಗಡಿಯಲ್ಲಿ ಮಾಡಿಸಬೇಡಿ, ಕಾಗದವೇ ಸಾಕು ಅಂತ 2018ರಲ್ಲಿ ಆಧಾರ್ ಪ್ರಾಧಿಕಾರದವರು ಹೇಳಿದ್ರು. ಜನ ಕೇಳದೆ ಹೋದಾಗ 2020ರಲ್ಲಿ ತಾವೇ 50 ರೂಪಾಯಿಗೆ ಪಿವಿಸಿ ಕಾರ್ಡು ಕೊಡಲಿಕ್ಕೆ ಶುರು ಮಾಡಿದ್ರು. ನಮ್ಮಪ್ಪನ ರೇಷನ್ ಕಾರ್ಡು ಇವತ್ತಿಗೂ ದೇವರ ಕೋಣೆಯ ಗೂಡಿನಲ್ಲಿ ಪ್ಲಾಸ್ಟಿಕ್ ಕವರಿನೊಳಗಿದೆ. ಅದಕ್ಕೇ ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಮಾಡಿದ್ದು ನಾವೆಲ್ಲ ಮಾಡಿದ್ದೇ.

ಸಂಕ್ರಾಂತಿ ಊಟ ಮುಗಿಸಿ ಹೊರಡುವಾಗ ಅವನು ಮತ್ತೆ ಹತ್ತಿರ ಬಂದ. "ಅಣ್ಣಾರ, ಇನ್ನೊಂದ ಮಾತ ಕೇಳಬೇಕಿತ್ರಿ." ತರಗತಿ ನಡೆಯುವ ದಿನಗಳಲ್ಲಿ ವಿದ್ಯಾರ್ಥಿಗಳಿಗೆ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆ ಮಾತ್ರ ಕೆಲಸ ಮಾಡಲು ಅನುಮತಿ. ಆ ದುಡ್ಡಿನಲ್ಲಿ ಬಾಡಿಗೆ, ಬಸ್ಸು, ಊಟ ಆದ್ಮೇಲೆ ಊರಿನ ಸಾಲಕ್ಕೆ ಏನೂ ಉಳಿಯಲ್ಲ. ಅಪ್ಪ ಹೊಲ ಅಡವಿಟ್ಟು ಕಳಿಸಿದ್ದಾರೆ. ರೂಮಿನಲ್ಲಿ ಇರುವ ಒಬ್ಬ ಪರಿಚಯದವನು, "ನನ್ನ ಸಿನ್ ನಂಬರಲ್ಲಿ ಇನ್ನೊಂದು ಕಡೆ ಕೆಲಸ ಮಾಡು, ದುಡ್ಡು ನನ್ನ ಅಕೌಂಟಿಗೆ ಬರುತ್ತೆ, ಸ್ವಲ್ಪ ಹಿಡಕೊಂಡು ಉಳಿದದ್ದು ಕೊಡ್ತೀನಿ" ಅಂದಿದ್ದಾನೆ. "ಮಾಡಬಹುದೇನ್ರಿ?"

ಇದು ಅವನೊಬ್ಬನ ಪ್ರಶ್ನೆ ಅಲ್ಲ ಅಂತ ನಮಗೆಲ್ಲ ಗೊತ್ತು. ನಮ್ಮ ಮಧ್ಯೆಯೇ ಕೇಳಿದವರಿದ್ದಾರೆ, ನಂಬರು ಕೊಟ್ಟವರೂ ಇದ್ದಾರೆ. ಸಹಾಯ ಅಂತಲೇ ಕೊಟ್ಟಿರ್ತಾರೆ. ಅದಕ್ಕೇ ಇದನ್ನ ಬರೀತಾ ಇದ್ದೀನಿ.

ಶನಿವಾರ ಮನೆಗೆ ಊಟಕ್ಕೆ ಕರೆದೆ. ಹೆಂಡತಿ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಊಟ ಆದ್ಮೇಲೆ ಒಂದು ಕಾಗದ ತೆಗೆದು ಮಧ್ಯದಲ್ಲಿ ಗೆರೆ ಎಳೆದೆ. ಒಂದು ಕಡೆ ನಂಬರು ಕೊಟ್ಟವನು, ಇನ್ನೊಂದು ಕಡೆ ದುಡಿದವನು.

ಕೊಟ್ಟವನ ಕಡೆ ಬರೆದೆ: ಆದಾಯ ಅವನದೇ ಅಂತ ದಾಖಲಾಗುತ್ತೆ, ತೆರಿಗೆ ಜಾಸ್ತಿ ಆಗುತ್ತೆ, ಸರ್ಕಾರದಿಂದ ಬರೋ ಜಿಎಸ್‌ಟಿ ಕ್ರೆಡಿಟ್ಟಿನಂಥದ್ದು ಕಡಿಮೆ ಆಗುತ್ತೆ. ಸಿಕ್ಕಿಬಿದ್ರೆ ಅವನೂ ಹೊಣೆ.

ದುಡಿದವನ ಕಡೆ: ಬೇರೆಯವರ ಸಿನ್ ಬಳಸೋದೇ ಅಪರಾಧ. ಅನುಮತಿಗಿಂತ ಜಾಸ್ತಿ ಕೆಲಸ ಮಾಡಿದ್ದು ಗೊತ್ತಾದ್ರೆ ಸ್ಟಡಿ ಪರ್ಮಿಟ್ಟಿಗೇ ಕುತ್ತು, ಮುಂದಿನ ಅರ್ಜಿಗಳಿಗೂ ತೊಂದರೆ. ಸಂಬಳ ಬೇರೆಯವನ ಅಕೌಂಟಿಗೆ ಹೋಗುತ್ತೆ. ಅವನು ಕೊಡದಿದ್ರೆ ಯಾರ ಹತ್ರ ಹೋಗಿ ಹೇಳ್ತೀಯ? ಮೆಶಿನ್ನಿಗೆ ಕೈ ಸಿಕ್ಕಿದ್ರೆ, ಆಸ್ಪತ್ರೆ ಕಾಗದದಲ್ಲಿ ಒಂದು ಹೆಸರು, ಕಂಪನಿ ಪುಸ್ತಕದಲ್ಲಿ ಇನ್ನೊಂದು ಹೆಸರು. ಪೆನ್ಶನ್ ಪಾಲು ಅವನ ಖಾತೆಗೆ. ನೀನು ಅಲ್ಲಿ ಕೆಲಸ ಮಾಡಿದ್ದೆ ಅನ್ನೋದಕ್ಕೆ ಒಂದು ಚೂರು ಕಾಗದ ಇರಲ್ಲ.

ಆಮೇಲೆ ಅಣಬೆ ಕಂಪನಿಯ ಕಥೆ ಹೇಳಿದೆ. ಪೂರ್ತಿ ಕೇಳಿದ. "ಅವಾ ಆಮ್ಯಾಲೆ ಏನಾದ್ರಿ?" ಅಂದ.

"ಗೊತ್ತಿಲ್ಲಪ್ಪ" ಅಂದೆ. ನಿಜವಾಗಿಯೂ ಗೊತ್ತಿಲ್ಲ. ಯಾವ ದೇಶದವನೋ, ಯಾಕೆ ಬಿಟ್ಟು ಹೋದನೋ. ಒಳ್ಳೆ ಕೆಲಸಗಾರ ಅಂತ ಮಾತ್ರ ಗೊತ್ತು. ಆ ಒಳ್ಳೆ ಹೆಸರೂ ನನಗೇ ಬಂತು.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಸಾಲದ ಲೆಕ್ಕ ನಾನೇ ಅವನ ಜೊತೆ ಕೂತು ಹಾಕಿದೆ. ಕಾಲೇಜಿನ ರಜೆಯಲ್ಲಿ ಪೂರ್ತಿ ಹೊತ್ತು ಕೆಲಸ ಮಾಡಲು ಅವಕಾಶ ಇದೆ, ಅಲ್ಲಿಯವರೆಗೆ ಊರಿಗೆ ಕಳಿಸೋದು ಕಡಿಮೆ ಆಗುತ್ತೆ ಅಂತ ಅಪ್ಪನಿಗೆ ಹೇಳಬೇಕು. ಆ ಫೋನ್ ಮಾಡೋದು ಅವನಿಗೆ ರಾತ್ರಿ ಪಾಳಿಗಿಂತ ಕಷ್ಟ. ನನ್ನೆದುರಿಗೇ ಮಾಡಿದ. ಅವರಪ್ಪ ಅರ್ಧ ನಿಮಿಷ ಸುಮ್ಮನಿದ್ದು, "ಆಗಲಿ ತಗೋ, ನಿನ್ನ ಹೆಸರ ಕೆಡಿಸ್ಕೋಬ್ಯಾಡ" ಅಂದ್ರು.

ಹೊರಡುವ ಮುಂಚೆ ಆ ಪ್ಲಾಸ್ಟಿಕ್ ಕಾರ್ಡನ್ನು ಅವನೇ ಕತ್ತರಿಯಿಂದ ನಾಲ್ಕು ತುಂಡು ಮಾಡಿದ. ಸಿನ್ ಪತ್ರ ಇಡಲಿಕ್ಕೆ ಡಾಲರ್ ಅಂಗಡಿಯ ಒಂದು ಫೈಲು ಕೊಟ್ಟೆ. ಎರಡೂ ಕ್ರೆಡಿಟ್ ಕಂಪನಿಗಳಲ್ಲಿ ಅವನ ಕಡತ ನೋಡಿಕೊಂಡಿರಲು ಹೇಳಿದ್ದೀನಿ, ಆ ಆನ್‌ಲೈನ್ ಅಂಗಡಿಯವರ ಹತ್ರ ಅವನ ನಂಬರು ಈಗಲೂ ಇದೆಯಲ್ಲ.

ಸಮಿತಿಯವರಿಗೆ ಬೇಜಾರಾಗಬಾರದು, ಟ್ಯಾಕ್ಸ್ ಕಾಲದ ಕೆಲವು ಮಾತು ಕೊನೆಗೆ ಹೇಳಿಬಿಡ್ತೀನಿ.

ಹೊಸ ಕೆಲಸಕ್ಕೆ ಸೇರಿದ ಮೂರು ದಿನದೊಳಗೆ ಮಾಲೀಕರಿಗೆ ಸಿನ್ ಕೊಡಬೇಕು. ಅವರು ಕೇಳೋದು ನ್ಯಾಯವೇ. ಬಡ್ಡಿ ಬರುವ ಖಾತೆ ತೆರೆಯುವಾಗ ಬ್ಯಾಂಕಿನವರೂ ಕೇಳ್ತಾರೆ. ಆದ್ರೆ ಕೆಲಸ ಖಾತ್ರಿ ಆಗುವ ಮುಂಚೆ ಅರ್ಜಿಯಲ್ಲಿ ಬರೀಬೇಡಿ. ಬಾಡಿಗೆ ಮನೆಯವರು, ಫೋನ್ ಅಂಗಡಿಯವರು ಕೇಳಬಹುದು, ನೀವು ಕೊಡಲೇಬೇಕು ಅಂತ ಇಲ್ಲ. ಬೇರೆ ಗುರುತಿನ ಚೀಟಿ ಆಗುತ್ತಾ ಅಂತ ಕೇಳಿ.

ಪತ್ರದ ಫೋಟೋ ವಾಟ್ಸಾಪಿನಲ್ಲಿ ಕಳಿಸಬೇಡಿ, ನನಗೂ ಕಳಿಸಬೇಡಿ. ಪತ್ರ ಕಳೆದುಹೋದ್ರೆ ಸರ್ವಿಸ್ ಕೆನಡಾದಿಂದ ಮತ್ತೆ ಪಡೆಯಬಹುದು, ಶುಲ್ಕ ಇಲ್ಲ. ಹಳೇ ಪ್ಲಾಸ್ಟಿಕ್ ಕಾರ್ಡು ಇದ್ದವರದ್ದೂ ನಡೆಯುತ್ತೆ, ಆದ್ರೆ ದಯವಿಟ್ಟು ಇವತ್ತೇ ಪಾಕೀಟಿನಿಂದ ತೆಗೆದು ಮನೆಯಲ್ಲಿಡಿ.

ನಿಮ್ಮ ನಂಬರು 9ರಿಂದ ಶುರುವಾಗಿದ್ರೆ ಅದಕ್ಕೆ ಕೊನೆಯ ದಿನಾಂಕ ಇದೆ, ನಿಮ್ಮ ಪರ್ಮಿಟ್ ಮುಗಿಯುವ ದಿನವೇ ಅದು. ಪರ್ಮಿಟ್ ಮುಂದುವರಿದಾಗ ಸಿನ್ ದಾಖಲೆಯನ್ನೂ ಮುಂದುವರಿಸಿಕೊಳ್ಳಬೇಕು. ಪಿ.ಆರ್. ಸಿಕ್ಕ ಮೇಲೆ ಕಾಯಂ ನಂಬರಿಗೆ ಅರ್ಜಿ ಹಾಕಿ. "ನಿಮ್ಮ ಸಿನ್ ಸಸ್ಪೆಂಡ್ ಆಗಿದೆ, ಒಂದು ಒತ್ತಿ" ಅಂತ ಬರುವ ಫೋನು ಮೋಸ. ಇಟ್ಟುಬಿಡಿ.

ಇನ್ನು ಈ ತಿಂಗಳು ಟಿ4 ಬಂದಾಗ ಸಂಬಳದ ಮೊತ್ತ ನೋಡುವ ಮುಂಚೆ ಒಂಬತ್ತು ಅಂಕಿ ನೋಡಿ, ಹೆಸರು ನೋಡಿ. ನಾನು ಆಫೀಸಿನಲ್ಲಿ ಹೊಸಬರ ಫಾರಂ ತುಂಬಿಸಿಕೊಳ್ಳುವಾಗ ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೀನಿ. ನಂಬರು ಬರಕೊಂಡ ಮೇಲೆ ತಲೆ ಎತ್ತಿ ಮುಖ ನೋಡ್ತೀನಿ, ಹೆಸರು ಹಿಡಿದು ಕರೀತೀನಿ. ಆ ಅಣಬೆ ಕಂಪನಿಯಲ್ಲಿ ಅವನನ್ನು ಐದು ತಿಂಗಳು ನನ್ನ ಹೆಸರಿನಿಂದ ಕರೆದಿದ್ರಲ್ಲ, ಪ್ರತಿ ಸಲ ತಿರುಗಿ ನೋಡ್ತಿದ್ದನೋ ಏನೋ.